ಅಂಡಮಾನಿನ 31 ಡಿಗ್ರಿ ನಮ್ಮ 31 ಡಿಗ್ರಿ ಅಲ್ಲ

ಕಲಬುರಗಿಯಲ್ಲಿ ಬಿಸಿಲು 40 ಮುಟ್ಟಿತು ಅಂದರೆ ನನ್ನ ಟೂರ್ ಆಫೀಸಿಗೆ ಜನ ಬರಲು ಶುರು. ಬಂದವರು ಮೊದಲು ಮೊಬೈಲ್ ಮುಂದೆ ಹಿಡಿಯುತ್ತಾರೆ. "ನೋಡ್ರಿ ಸರ, ಅಂಡಮಾನದಾಗ ಬರೀ 31 ಅದ. ಇಲ್ಲಿ 42. ಮಕ್ಕಳಿಗೂ ಸೂಟಿ ಅದ, ಮೇ ತಿಂಗಳದಾಗ ಬುಕ್ ಮಾಡಿಬಿಡ್ರಿ." ಪ್ರತಿ ಬೇಸಿಗೆಯಲ್ಲೂ ಇದೇ ಮಾತು. ಹೇಳಿ ಹೇಳಿ ಸಾಕಾಗಿ ಈಗ ಬರೆಯುತ್ತಿದ್ದೇನೆ.

ಥರ್ಮಾಮೀಟರು ಗಾಳಿ ಎಷ್ಟು ಬಿಸಿ ಇದೆ ಅಂತ ಮಾತ್ರ ಹೇಳುತ್ತದೆ. ಮೈಗೆ ಬೇಕಾದ ಲೆಕ್ಕ ಬೇರೆ, ಬೆವರು ಆರುತ್ತದೋ ಇಲ್ಲವೋ ಅನ್ನುವುದು. ನಮ್ಮಲ್ಲಿ ಏಪ್ರಿಲ್ ಮಧ್ಯಾಹ್ನ ಗಾಳಿಯ ತೇವ ನೂರಕ್ಕೆ 20-25ರ ಆಸುಪಾಸು ಇರುತ್ತದೆ. ಮಾಳಿಗೆ ಮೇಲೆ ಒಗೆದು ಹಾಕಿದ ಅಂಗಿ ನೋಡನೋಡುತ್ತಲೇ ಒಣಗುತ್ತದೆ ಅಲ್ವಾ? ಬೆವರೂ ಹಾಗೆಯೇ, ಕಣ್ಣಿಗೆ ಕಾಣುವ ಮೊದಲೇ ಆರಿ ಮೈಯ ಬಿಸಿಯನ್ನೂ ಒಯ್ಯುತ್ತದೆ. ಹರವಿಯ ನೀರು ತಂಪಾಗುವುದು, ಕಿಟಕಿಗೆ ಇಟ್ಟ ಕೂಲರ್ ಕೆಲಸ ಮಾಡುವುದು ಎಲ್ಲ ಇದೇ ಕಾರಣಕ್ಕೆ. ಅಂಡಮಾನಿನಲ್ಲಿ ಮೇ ತಿಂಗಳ ತೇವ 80ರ ಹತ್ತಿರ. ಗಾಳಿ ಆಗಲೇ ನೀರು ಕುಡಿದು ತುಂಬಿಕೊಂಡಿದೆ, ನಿಮ್ಮ ಬೆವರನ್ನು ಎಲ್ಲಿ ತಗೊಳ್ಳುತ್ತದೆ? ಅಲ್ಲಿ ಕೂಲರ್ ಹಚ್ಚಿದರೆ ಸುಮ್ನೆ ಇನ್ನಷ್ಟು ಜಿಗಿಜಿಗಿ.

ಇನ್ನೂ ತಿಳಿಯದಿದ್ದರೆ ಜೂನ್ ನೆನಪು ಮಾಡಿಕೊಳ್ಳಿ. ಮೋಡ ಕಟ್ಟಿರುತ್ತದೆ, ಮಳೆ ಮಾತ್ರ ಬೀಳುವುದಿಲ್ಲ. ಡಿಗ್ರಿ ಇಳಿದಿರುತ್ತದೆ, ಆದರೂ ಮೇ ತಿಂಗಳಿಗಿಂತ ಜಾಸ್ತಿ ಸಂಕಟ. ಅದನ್ನು ನಾವು ಕುದಿ ಅನ್ನುತ್ತೇವೆ. ನಮ್ಮ ಬೇಸಿಗೆ ಝಳ, ದ್ವೀಪದ್ದು ಕುದಿ. ರಾತ್ರಿಯಾದರೂ ಬಿಡುವುದಿಲ್ಲ. ಇಲ್ಲಿ ಹಗಲು 42 ಇದ್ದದ್ದು ಬೆಳಗಿನ ಜಾವಕ್ಕೆ 27ಕ್ಕೆ ಇಳಿಯುತ್ತದೆ, ಮಾಳಿಗೆ ಮೇಲೆ ಮಲಗಿದರೆ ನಿದ್ದೆ ಬರುತ್ತದೆ. ಅಲ್ಲಿ ಸುತ್ತ ಸಮುದ್ರ. ನೀರು ಬೇಗ ಕಾಯುವುದೂ ಇಲ್ಲ, ಬೇಗ ಆರುವುದೂ ಇಲ್ಲ. ಹಗಲು 31-32, ರಾತ್ರಿ 25-26, ಅಷ್ಟೇ.

ಜೇವರ್ಗಿ ಕಡೆಯ ಒಬ್ಬ ನಿವೃತ್ತ ಮಾಸ್ತರು ನಾನು ಬೇಡ ಅಂದರೂ ಮೇ ತಿಂಗಳಲ್ಲೇ ಹೋದರು. ಈಗ ಸ್ವರಾಜ್ ದ್ವೀಪ ಅನ್ನುವ ಹ್ಯಾವ್‌ಲಾಕ್‌ನಿಂದ ಬೆಳಗ್ಗೆ ಹತ್ತಕ್ಕೇ ಫೋನು. "ಕುಂತರೂ ಬೆವರು, ನಿಂತರೂ ಬೆವರು, ಆರವಲ್ದು ರೀ." ಅವರ ಮನೆಯವರು ಕಡಕ್ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡು ಹೋಗಿದ್ದರು. ಮನೆಯಲ್ಲಿ ತಿಂಗಳಾದರೂ ಮುರಿದರೆ ಟಕ್ ಅನ್ನುವ ರೊಟ್ಟಿ. ಎರಡನೇ ದಿನ ಗಂಟು ಬಿಚ್ಚಿದರೆ ಹಸಿ ಚಪಾತಿ ಹಾಗೆ ಬಾಗಿ ಕೈಯಲ್ಲಿ ಜೋತು ಬಿದ್ದಿತ್ತಂತೆ. ಆ ತಾಯಿಗೆ ಸೆಕೆಗಿಂತ ಅದೇ ದೊಡ್ಡ ಸಂಕಟ. ಅವತ್ತಿನಿಂದ ನಾನು ಗಿರಾಕಿಗಳಿಗೆ ಶೇಕಡಾ ಲೆಕ್ಕ ಹೇಳುವ ಮೊದಲು ರೊಟ್ಟಿ ಕಥೆ ಹೇಳುತ್ತೇನೆ, ಬೇಗ ತಿಳಿಯುತ್ತದೆ.

ಹಾಗಂತ ಹೋಗಲೇಬೇಡಿ ಅನ್ನುತ್ತಿಲ್ಲ. ಆ ನೀಲಿ ನೀರು ಒಮ್ಮೆ ನೋಡಲೇಬೇಕು. ಮೊಣಕಾಲು ಮಟ್ಟದ ನೀರಲ್ಲಿ ನಿಂತರೆ ನಿಮ್ಮ ಕಾಲ್ಬೆರಳು ಎಣಿಸಬಹುದು. ಜನವರಿಯಿಂದ ಮಾರ್ಚ್ ನಡುವೆ ಹೋಗಿ. ಮಳೆ ತೀರಾ ಕಡಿಮೆ, ಗಾಳಿ ಹಿತ, ಸಮುದ್ರ ಶಾಂತ. ಕುದಿ ಪೂರ್ತಿ ಹೋಗುವುದಿಲ್ಲ, ಆದರೆ ತಡೆಯಬಹುದು. ದಸರಾ ಸೂಟಿ ಅಂತ ಕೇಳಬೇಡಿ, ಅಲ್ಲಿಗೆ ಆಗಲೂ ಮಳೆಗಾಲ. ವರ್ಷಕ್ಕೆ ಸುಮಾರು 3000 ಮಿಲಿಮೀಟರ್ ಸುರಿಯುವ ಜಾಗ ಅದು, ನಮ್ಮ ನಾಲ್ಕು ವರ್ಷದ ಮಳೆ.

ಮಕ್ಕಳ ಶಾಲೆಯಿಂದಾಗಿ ಬೇಸಿಗೆ ಬಿಟ್ಟು ದಾರಿಯೇ ಇಲ್ಲ ಅನ್ನುವವರ ಕಷ್ಟ ನನಗೆ ಗೊತ್ತು. ಹಾಗಿದ್ದರೆ ಏಪ್ರಿಲ್‌ನಲ್ಲೇ ಮುಗಿಸಿ. ನಮಗಿನ್ನೂ ಬೆಂಕಿ ಬಿಸಿಲು ಇರುವಾಗ, ಮೇ ಮೂರನೇ ವಾರದ ಹೊತ್ತಿಗೇ ಮುಂಗಾರು ಅಲ್ಲಿ ಕಾಲಿಡುತ್ತದೆ. ಗಾಳಿ ಎದ್ದರೆ ದ್ವೀಪದಿಂದ ದ್ವೀಪಕ್ಕೆ ಹೋಗುವ ಹಡಗು ನಿಲ್ಲುತ್ತದೆ. ಅದಕ್ಕೇ ಕೊನೆಯ ರಾತ್ರಿ ವಾಪಸ್ ವಿಮಾನ ಹತ್ತುವ ಪೋರ್ಟ್ ಬ್ಲೇರ್‌ನಲ್ಲೇ ಇರಿ, 2024ರಿಂದ ಅದರ ಹೆಸರು ಶ್ರೀ ವಿಜಯಪುರಂ. ದುಡ್ಡು ಉಳಿಸಲು ಏಸಿ ಇಲ್ಲದ ರೂಮು ತಗೋಬೇಡಿ. ಅಲ್ಲಿ ಐದರ ಸುಮಾರಿಗೆ ಬೆಳಕಾಗುತ್ತದೆ, ಎಂಟರೊಳಗೆ ಸಮುದ್ರ ಮುಗಿಸಿ, ಮಧ್ಯಾಹ್ನ ಒಳಗಿರಿ. ಬಿಪಿ, ಹೃದಯದ ತೊಂದರೆ ಇರುವ ಹಿರಿಯರು ಟಿಕೆಟ್ ತೆಗೆಸುವ ಮೊದಲು ಡಾಕ್ಟರನ್ನು ಕೇಳಿ. ಅದರಲ್ಲಿ ನನ್ನ ಮಾತು ನಡೆಯಬಾರದು.

ಮಾಸ್ತರು ಎರಡು ವರ್ಷ ಬಿಟ್ಟು ಮತ್ತೆ ಬಂದರು. ಈ ಸಲ ಫೆಬ್ರವರಿ, ಜೊತೆಗೆ ಮೊಮ್ಮಗಳು. ರಾಧಾನಗರ ದಂಡೆಯಲ್ಲಿ ಐದೂವರೆಗೆ ಸೂರ್ಯ ಮುಳುಗಿದ ಮೇಲೂ ಎದ್ದು ಬರಲು ಮನಸ್ಸಾಗಲಿಲ್ಲ ಅಂದರು. ರೊಟ್ಟಿಯನ್ನು ಈ ಸಲ ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿ ಒಯ್ದಿದ್ದರು.