ಹಕ್ಕಿ ನೋಡಲು ಅಪ್ಪ–ಮಗಳಿಗೆ ಯಾವ ಹೈಡ್ ತೆಗೆದುಕೊಳ್ಳಬೇಕು?

ಪ್ರಶ್ನೆ: ಸರ್, ನಾವು ಪುಣೆಯ ವಾಕಡ್‌ನಲ್ಲಿದ್ದೇವೆ. ಮಗಳಿಗೆ ಎಂಟು ವರ್ಷ, ಹಕ್ಕಿ ಹುಚ್ಚು ಹತ್ತಿದೆ. ಸಾಸವಡದ ಕಡೆ ಹೋಗಿ ಇಬ್ಬರೂ ಒಟ್ಟಿಗೆ ಕೂತು ಫೋಟೊ ತೆಗೆಯಬೇಕೆಂದು ಆನ್‌ಲೈನಿನಲ್ಲಿ ‘ಹಂಟಿಂಗ್ ಬ್ಲೈಂಡ್’, ಅಂದರೆ ಒಳಗೆ ಅಡಗಿ ಕೂರುವ ಹೈಡ್ ಡೇರೆ, ಹುಡುಕುತ್ತಿದ್ದೇನೆ. ಇಬ್ಬರ ಅಳತೆಯದು ಸಾಕೋ, ಮೂವರದು ಬೇಕೋ? ನಮ್ಮ ಕಡೆಯ ಒಣ ಹುಲ್ಲಿಗೆ ಯಾವ ಕ್ಯಾಮೊಫ್ಲಾಜ್ (ಸುತ್ತಲಿನ ಜೊತೆ ಬೆರೆಯಲೆಂದು ಬಟ್ಟೆಗೆ ಹಾಕುವ ಎಲೆ, ಹುಲ್ಲಿನ ಅಚ್ಚು) ಹೊಂದುತ್ತದೆ?

ಉತ್ತರ: ಮೂವರದು ತೆಗೆದುಕೊಳ್ಳಿ. ಕ್ಯಾಮೊಫ್ಲಾಜ್ ಯಾವುದಾದರೂ ನಡೆಯುತ್ತದೆ, ಇಲ್ಲದಿದ್ದರೂ ನಡೆಯುತ್ತದೆ.

ಇಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ಚಳಿಗಾಲ ಶುರುವಾಯಿತೆಂದರೆ ಇದೇ ಪ್ರಶ್ನೆ ಪುಣೆಯಿಂದ, ಠಾಣೆಯಿಂದ, ಮಡಗಾಂವಿನಿಂದ ಬರುತ್ತಲೇ ಇರುತ್ತದೆ. ನಾನು ಉತ್ತರ ಕೊಟ್ಟ ಮೇಲೂ ಜನ ಎಲೆ ಅಚ್ಚಾದ ಬಟ್ಟೆಯ ಫೋಟೊ ಕಳಿಸಿ ‘ಇದು ಹೇಗಿದೆ ಸರ್?’ ಎಂದೇ ಕೇಳುತ್ತಾರೆ. ಆದ್ದರಿಂದ ಈ ಸಲ ಆ ಎಲೆಯ ವಿಷಯವನ್ನೇ ಪೂರ್ತಿ ಮುಗಿಸಿಬಿಡೋಣ.

ನೀವು ನೋಡುತ್ತಿರುವ ಡೇರೆ ಅಮೆರಿಕದ ಬೇಟೆಗಾರರಿಗಾಗಿ ಹುಟ್ಟಿದ್ದು. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಿಂದಾಗಿ ಈಗ ಬೇಟೆಯ ಮಾತೇ ಇಲ್ಲ, ಡೇರೆ ಮಾತ್ರ ಕ್ಯಾಮೆರಾದವರ ಕೈಗೆ ಬಂದಿದೆ. ಅಲ್ಲಿ ಅದನ್ನು ಕೊಳ್ಳುವವರಲ್ಲಿ ಎರಡು ಬಗೆ. ಒಬ್ಬರು ಜಿಂಕೆಯವರು, ಇನ್ನೊಬ್ಬರು ಟರ್ಕಿ ಕೋಳಿಯವರು. ಜಿಂಕೆಯ ಕಣ್ಣಿನಲ್ಲಿ ಬಣ್ಣ ಗುರುತಿಸುವ ಕೋಶಗಳು ಎರಡೇ ಬಗೆಯವು, ಕಿತ್ತಳೆ ಕೆಂಪು ಅದಕ್ಕೆ ಎದ್ದು ಕಾಣುವುದಿಲ್ಲ. ಹಾಗಾಗಿಯೇ ಅಲ್ಲಿನ ಅನೇಕ ರಾಜ್ಯಗಳಲ್ಲಿ ಜಿಂಕೆ ಬೇಟೆಗೆ ಹೋಗುವವರು ಕಣ್ಣು ಕುಕ್ಕುವ ಕಿತ್ತಳೆ ಬಣ್ಣದ ಮೇಲಂಗಿ ತೊಡಲೇಬೇಕೆಂಬ ಕಾನೂನಿದೆ. ಇನ್ನೊಬ್ಬ ಬೇಟೆಗಾರನಿಗೆ ಕಾಣಲಿ, ಗುಂಡು ತಗಲದಿರಲಿ ಎಂದು. ಜಿಂಕೆಗೆ ಅದರಿಂದ ಏನೂ ಆಗುವುದಿಲ್ಲ.

ಹಕ್ಕಿಯ ಕಥೆ ಬೇರೆ. ಅದರ ಕಣ್ಣಿನಲ್ಲಿ ಬಣ್ಣದ ಕೋಶಗಳು ನಾಲ್ಕು ಬಗೆ, ನಮಗಿಂತ ಒಂದು ಹೆಚ್ಚು. ಎಷ್ಟೋ ಹಕ್ಕಿಗಳಿಗೆ ನಮ್ಮ ಕಣ್ಣಿಗೆ ಬೀಳದ ಅತಿನೇರಳೆ ಬೆಳಕೂ ಕಾಣುತ್ತದೆ. ಪಾರಿವಾಳದ ಕಣ್ಣು ತಲೆಯ ಎರಡೂ ಬದಿಗಿರುವುದರಿಂದ ಹಿಂದಿನ ಸಣ್ಣ ಸಂದು ಬಿಟ್ಟರೆ ಸುತ್ತಲಿನದೆಲ್ಲ ಅದರ ನೋಟದಲ್ಲೇ ಇರುತ್ತದೆ. ಇಂಥ ಕಣ್ಣಿನ ಎದುರು ನೀವು ಐದಡಿ ಎತ್ತರದ ಚೌಕಾಕಾರದ ಡೇರೆ ನಿಲ್ಲಿಸಿ, ಅದರ ಮೇಲೆ ಅಮೆರಿಕದ ಓಕ್ ಮರದ ಎಲೆ ಅಚ್ಚು ಹಾಕಿಸಿ, ‘ಈಗ ಕಾಣುವುದಿಲ್ಲ’ ಎಂದು ನಂಬುತ್ತೀರಿ. ಸಾಸವಡದ ಬೋಳು ಮಾಳದಲ್ಲಿ ಓಕ್ ಎಲ್ಲಿಂದ ಬರಬೇಕು? ಹಕ್ಕಿಗೆ ಡೇರೆ ಚೆನ್ನಾಗಿ ಕಾಣುತ್ತದೆ, ನಿನ್ನೆ ಇರಲಿಲ್ಲ ಇವತ್ತಿದೆ ಎಂಬುದೂ ಗೊತ್ತಾಗುತ್ತದೆ.

ಹಾಗಾದರೆ ಹೈಡ್ ಕೆಲಸ ಮಾಡುವುದು ಹೇಗೆ? ಮುಂದಿನ ಸಲ ಕವಡಿ ಪಾಟಿಗೆ ಹೋದಾಗ ನದಿಯ ದಂಡೆಯಲ್ಲಿ ಎಮ್ಮೆಗಳ ಕಾಲಡಿ ಓಡಾಡುವ ಬೆಳ್ಳಕ್ಕಿಗಳನ್ನು ನೋಡಿ. ಎಮ್ಮೆ ಮೈಗೆ ಯಾವ ಎಲೆಯನ್ನೂ ಅಂಟಿಸಿಕೊಂಡಿರುವುದಿಲ್ಲ. ಭಿಗವಣದಲ್ಲಿ ಉಜನಿ ಜಲಾಶಯದ ಹಿನ್ನೀರಿನ ಮೀನುಗಾರರ ದೋಣಿ ಹಕ್ಕಿಗಳ ನಡುವೆಯೇ ಸಾಗುತ್ತದೆ, ಕುಂಭಾರಗಾಂವಿನ ಕಡೆ ರಾಜಹಂಸಗಳು ತಲೆ ನೀರಿಗಿಟ್ಟು ಮೇಯುತ್ತಲೇ ಇರುತ್ತವೆ. ದೋಣಿಯಲ್ಲಿ ಯಾರಾದರೂ ಎದ್ದು ನಿಂತು ಕೈ ಚಾಚಿದರೋ, ಇಡೀ ಗುಂಪು ಕುತ್ತಿಗೆ ಎತ್ತುತ್ತದೆ. ಬಿಳಿ ಕಾರು ಹತ್ತು ಮಾರು ದೂರ ಬಂದು ನಿಂತರೂ ಟಿಟ್ಟಿಭ ಕದಲುವುದಿಲ್ಲ. ಬಾಗಿಲು ತೆರೆದು ಒಂದು ಕಾಲು ಕೆಳಗಿಟ್ಟು ನೋಡಿ, ಊರಿಗೆಲ್ಲ ಕೇಳುವ ಹಾಗೆ ಅರಚುತ್ತದೆ. ಹಕ್ಕಿ ಹೆದರುವುದು ಎರಡು ಕಾಲಿನ ಆಕಾರಕ್ಕೆ, ಅದರ ಅಲುಗಾಟಕ್ಕೆ, ತನ್ನನ್ನೇ ನೋಡುತ್ತಿರುವ ಮುಖಕ್ಕೆ. ಆ ಮೂರನ್ನೂ ಮುಚ್ಚಿದರೆ ಹೈಡ್ ಗೆದ್ದಂತೆ. ಅದರ ಬಣ್ಣ ಗೋಣಿಚೀಲದ್ದಾದರೂ ಆದೀತು.

ಬಣ್ಣಕ್ಕೆ ಸುರಿಯುವ ತಲೆನೋವನ್ನು ಕತ್ತಲೆಗೆ ಸುರಿಯಿರಿ. ಡೇರೆಯ ಒಳಮೈ ಕಪ್ಪಗಿರಲೇಬೇಕು. ಮುಂದಿನ ಕಿಟಕಿ ತೆರೆದಾಗ ಹಿಂದಿನ ಕಿಟಕಿಯನ್ನೂ ಗಾಳಿಗೆಂದು ತೆರೆದಿಟ್ಟರೆ ಹಿಂದಿನ ಬೆಳಕಿಗೆ ನಿಮ್ಮ ತಲೆ, ಭುಜ ಕತ್ತರಿಸಿಟ್ಟ ಹಾಗೆ ಕಾಣುತ್ತವೆ. ಒಳಗಿನಿಂದ ಮಾತ್ರ ಕಾಣುವ ಜಾಲರಿ ಎಂದು ಮಾರುತ್ತಾರಲ್ಲ, ಅದರ ಗುಟ್ಟೂ ಇಷ್ಟೇ: ಒಳಗೆ ಕತ್ತಲೆ, ಹೊರಗೆ ಬೆಳಕು ಇರುವಷ್ಟು ಹೊತ್ತು ಮಾತ್ರ ಆ ಮಾಯೆ. ಇನ್ನು ಅಪ್ಪ–ಮಗಳು ಇಬ್ಬರೂ ಮಿಲಿಟರಿ ಚಿತ್ರದ ಟೀಶರ್ಟ್ ಹಾಕಿಕೊಂಡು ಈ ಕಪ್ಪು ಡೇರೆಯೊಳಗೆ ಕೂತರೆ ಕಪ್ಪಿನ ಎದುರು ತಿಳಿಹಸಿರು ಎದ್ದು ಕಾಣುತ್ತದೆ. ಕಪ್ಪು ಅಥವಾ ಕಡುನೀಲಿ ಶರ್ಟು ಸಾಕು. ಬೆಳ್ಳಗಿನ ಟೋಪಿ, ಕಾಲುಚೀಲ ಬೇಡ. ಬಟ್ಟೆಗೆ ಬಿಳುಪು ಕೊಡುವ ಸೋಪಿನ ಪುಡಿಯಲ್ಲಿರುವ ಹೊಳಪಿನ ರಾಸಾಯನಿಕ ಅತಿನೇರಳೆ ಬೆಳಕನ್ನು ಹೀರಿ ಮಿನುಗುತ್ತದೆ. ಹೆಜ್ಜೆಗೊಮ್ಮೆ ದೀಪ ಹತ್ತುವ ಮಕ್ಕಳ ಬೂಟಿನ ಬಗ್ಗೆ ನಾನು ಬೇರೆ ಹೇಳಬೇಕಿಲ್ಲ ಎಂದುಕೊಂಡಿದ್ದೆ. ಆದರೆ ಅಂಥವನ್ನೇ ಹಾಕಿಸಿಕೊಂಡು ಬರುವವರಿದ್ದಾರೆ.

ಇನ್ನೊಂದು ಮಾತು, ಸುಮ್ಮನೆ ಕಿವಿಗೆ ಹಾಕಿರುತ್ತೇನೆ. ಸಿಂಹಗಡ ರಸ್ತೆಯಲ್ಲಿ ಹೋಗುವವರಿಗೆ ಖಡಕ್‌ವಾಸಲಾದ ರಾಷ್ಟ್ರೀಯ ರಕ್ಷಣಾ ಅಕಾಡೆಮಿ ಎಲ್ಲಿದೆಯೆಂದು ಗೊತ್ತು. ಅಂಥ ಜಾಗದ ಸುತ್ತಮುತ್ತ ಸೈನಿಕರ ಬಟ್ಟೆಯ ಡೇರೆ ಹೂಡಿ ಉದ್ದನೆಯ ಲೆನ್ಸ್ ಹೊರಚಾಚಿದರೆ ಹಕ್ಕಿಗಿಂತ ಮೊದಲು ಯಾರು ಬಂದು ವಿಚಾರಿಸುತ್ತಾರೆ ಎಂಬುದನ್ನು ನೀವೇ ಊಹಿಸಿ.

ಈಗ ಅಳತೆ. ‘ಇಬ್ಬರಿಗೆ’ ಎಂದು ಬರೆದಿದ್ದರೆ ಇಬ್ಬರು ಭುಜಕ್ಕೆ ಭುಜ ತಾಗಿಸಿ ಕೂರಬಹುದು ಎಂದರ್ಥ. ಟ್ರೈಪಾಡಿನ ಮೂರು ಕಾಲು, ಚೀಲ, ನೀರಿನ ಬಾಟಲಿ, ನಡುನಡುವೆ ಕಾಲು ನೀಡುವ ಮಗು, ಇವು ಯಾವುವೂ ಆ ಲೆಕ್ಕದಲ್ಲಿಲ್ಲ. ಜೊತೆಗೆ, ಕಡ್ಡಿಗಳನ್ನು ಹೊರಕ್ಕೆ ಎಳೆದರೆ ಪಟ್ಟನೆ ಬಿಚ್ಚಿಕೊಳ್ಳುವ ಡೇರೆಗಳಲ್ಲಿ ಗೋಡೆ ನಡುವೆ ಉಬ್ಬಿರುತ್ತದೆ. ಮಾರುವವರು ಆ ಉಬ್ಬಿನಿಂದ ಉಬ್ಬಿಗೆ ಅಳೆದು ಬರೆಯುತ್ತಾರೆ. ನೆಲದ ಮೇಲೆ ಸಿಗುವ ಜಾಗ ಅದಕ್ಕಿಂತ ಕಡಿಮೆ. ನೆಲದ ಅಳತೆ ಎಷ್ಟೆಂದು ಕೇಳಿಯೇ ಕೊಳ್ಳಿ.

ಅಪ್ಪಂದಿರು ಎಡವುವುದು ಕಿಟಕಿಯಲ್ಲಿ. ಬೇಟೆಗಾರ ಕುರ್ಚಿಯ ಮೇಲೆ ಕೂತು ಬಂದೂಕು ಹಿಡಿಯುವ ಎತ್ತರಕ್ಕೆ ಕಿಟಕಿ ಹೊಲಿದಿರುತ್ತಾರೆ. ಅಪ್ಪನಿಗೆ ಎಲ್ಲ ಕಾಣುತ್ತದೆ, ಮಗಳಿಗೆ ಕಪ್ಪು ಬಟ್ಟೆ ಕಾಣುತ್ತದೆ. ಕಾಲು ಗಂಟೆ ಬಟ್ಟೆ ನೋಡಿದ ಮೇಲೆ ‘ಪಪ್ಪಾ, ಹೋಗೋಣ’ ಶುರು. ಆಮೇಲೆ ಮಗುವಿಗೆ ತಾಳ್ಮೆ ಇಲ್ಲ ಎಂದು ನನಗೆ ಬರೆಯುತ್ತೀರಿ! ಕಿಟಕಿಯ ಕೆಳಗಿನ ಅಂಚು ನೆಲದಿಂದ ಎರಡಡಿಯೊಳಗೆ ಬರುವಂಥದ್ದನ್ನು ಆರಿಸಿ, ಕುರ್ಚಿ ಮನೆಯಲ್ಲೇ ಬಿಡಿ. ನೀವು ಚಾಪೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತರೆ, ಎಂಟು ವರ್ಷದ ಮಗು ಒಂದು ಗೇಣೆತ್ತರದ ಮಣೆಯ ಮೇಲೆ ಕೂತರೆ, ಇಬ್ಬರ ಕಣ್ಣೂ ಹೆಚ್ಚು ಕಡಿಮೆ ಒಂದೇ ಮಟ್ಟಕ್ಕೆ ಬರುತ್ತದೆ. ನೆಲದಲ್ಲಿ ಓಡಾಡುವ ಹಕ್ಕಿಯ ಫೋಟೊಕ್ಕೂ ಆ ಎತ್ತರವೇ ಚೆನ್ನ. ಲೆನ್ಸಿನ ಕಿಟಕಿ, ಮಗುವಿನ ಕಿಟಕಿ ಬೇರೆ ಬೇರೆ ಇರಲಿ. ಜಾಲರಿಯ ಮೂಲಕ ಫೋಟೊ ತೆಗೆದರೆ ಮಂಜು ಮುಸುಕಿದ ಹಾಗೆ ಬರುತ್ತದೆ, ಬರಿಗಣ್ಣಿಗೆ ಅದೇ ಜಾಲರಿ ಧಾರಾಳ.

ಕಿಟಕಿ ಮುಚ್ಚುವುದು ಯಾವುದರಿಂದ ಎಂದೂ ನೋಡಿ. ವೆಲ್ಕ್ರೋ ಇದ್ದರೆ ಪರ್ರನೆ ಸದ್ದು, ಅಷ್ಟಕ್ಕೇ ಗೌಜಲಕ್ಕಿ ಹಾರಿಹೋಯಿತು. ಕೊಕ್ಕೆ ಅಥವಾ ಗುಂಡಿಯದು ಒಳ್ಳೆಯದು. ಇದೇ ಕಾರಣಕ್ಕೆ ಚಿಪ್ಸ್ ಪ್ಯಾಕೆಟ್ಟನ್ನು ಮನೆಯಲ್ಲೇ ಒಡೆದು ಡಬ್ಬಿಗೆ ಸುರಿದು ತನ್ನಿ. ಚಕ್ಕುಲಿಯನ್ನಂತೂ ತರಲೇಬೇಡಿ.

ತಳ ಇಲ್ಲದ ಡೇರೆಯೇ ಮೇಲು, ಸೆಕೆ ಕಡಿಮೆ, ಕಾಲಿನಡಿ ಪ್ಲಾಸ್ಟಿಕ್ ಚರಚರ ಇಲ್ಲ. ಆದರೆ ಕೂರುವ ಮೊದಲು ಟಾರ್ಚ್ ಹಿಡಿದು, ಕೋಲಿನಿಂದ ಕಲ್ಲು ಮಗುಚಿ ನೆಲ ನೋಡಲೇಬೇಕು. ಮಹಾರಾಷ್ಟ್ರದ ಒಣ ಮಾಳಗಳಲ್ಲಿ ಗರಗಸ ಮಂಡಲ ಹಾವೂ ಇದೆ, ಚೇಳೂ ಇದೆ. ಡೇರೆಯ ಜೊತೆ ಬರುವ ತೆಳ್ಳನೆಯ ಗೂಟ ನಮ್ಮ ಮುರುಮು ನೆಲದಲ್ಲಿ ಬಾಗಿಹೋಗುತ್ತದೆ, ಗೋವಾದ ಜಂಬಿಟ್ಟಿಗೆ ಹಾಸಿನಲ್ಲಿ ಇಳಿಯುವುದೇ ಇಲ್ಲ. ಕಬ್ಬಿಣದ ಮೊಳೆ ತನ್ನಿ, ಅದೂ ಆಗದಿದ್ದರೆ ಚೀಲಕ್ಕೆ ಕಲ್ಲು ತುಂಬಿ ಹಗ್ಗ ಬಿಗಿಯಿರಿ. ಗಾಳಿಗೆ ಪಟಪಟ ಹೊಡೆದುಕೊಳ್ಳುವ ಡೇರೆಯ ಹತ್ತಿರ ಯಾವ ಹಕ್ಕಿಯೂ ಸುಳಿಯದು, ಎಷ್ಟೇ ಎಲೆ ಅಚ್ಚಾಗಿದ್ದರೂ.

ಅಭಯಾರಣ್ಯದೊಳಗೆ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಡೇರೆ ಹೂಡುವಂತಿಲ್ಲ. ಸುಪೆಯ ಹತ್ತಿರದ ಮಯೂರೇಶ್ವರವಿರಲಿ, ಗೋವಾದ ಚೊಡಣ ದ್ವೀಪದ ಸಲೀಂ ಅಲಿ ಪಕ್ಷಿಧಾಮವಿರಲಿ, ನಿಯಮ ಅದೇ. ಹೊರಗಿನ ಮಾಳಗಳೂ ಅನಾಥವಲ್ಲ, ಧನಗರರ ಕುರಿ ಮೇಯುವ ಜಾಗ. ಹಿಂದಿನ ದಿನವೇ ಹೋಗಿ ಕುರಿಗಾರರಿಗೆ ಒಂದು ಮಾತು ಹೇಳಿ, ನಾಯಿಗಳಿಗೆ ಮುಖ ತೋರಿಸಿ ಬನ್ನಿ. ನಿಜ ಹೇಳಬೇಕೆಂದರೆ ಮೊದಲ ವರ್ಷಕ್ಕೆ ನಿಮ್ಮ ಕಾರೇ ಸಾಕು. ಎಂಜಿನ್ ಆರಿಸಿ, ಕಿಟಕಿಯ ಮೇಲೆ ಅಕ್ಕಿ ತುಂಬಿದ ಚೀಲ ಇಟ್ಟು ಲೆನ್ಸ್ ಒರಗಿಸಿ, ಮಗಳನ್ನು ಅದೇ ಬದಿಯ ಹಿಂದಿನ ಸೀಟಿನಲ್ಲಿ ಕೂರಿಸಿ. ದಾರಿ ಬಿಟ್ಟು ಹುಲ್ಲಿನ ಮೇಲೆ ಮಾತ್ರ ಗಾಡಿ ಇಳಿಸಬೇಡಿ. ನೆಲದ ಮೇಲೆ ಮೊಟ್ಟೆ ಇಡುವ ಹಕ್ಕಿಗಳ ಊರು ಅದು.

ಮೊಟ್ಟೆಯ ಮಾತು ಬಂದದ್ದು ಒಳ್ಳೆಯದಾಯಿತು. ನೀವು ಕೇಳಿಲ್ಲ, ಆದರೆ ಹೈಡ್ ಮನೆಗೆ ಬಂದ ಮೇಲೆ ಎಲ್ಲರಿಗೂ ಹೊಳೆಯುವುದು ಇದೇ: ಗೂಡಿನ ಎದುರು ಹೂಡಿದರೆ ಹಕ್ಕಿ ಬಂದೇ ಬರುತ್ತದಲ್ಲ, ಮಗಳಿಗೆ ಮರಿ ತೋರಿಸಿದ ಹಾಗೂ ಆಯಿತು! ಬೇಡ. ಟಿಟ್ಟಿಭದ ಮೊಟ್ಟೆ ಇರುವುದು ಬಯಲಿನ ನಾಲ್ಕು ಕಲ್ಲುಗಳ ನಡುವೆ, ಏಪ್ರಿಲ್–ಮೇ ಬಿಸಿಲಿನಲ್ಲಿ. ತಾಯಿ ಅದರ ಮೇಲೆ ನಿಂತು ನೆರಳು ಕೊಡುತ್ತದೆ, ನೀರಿಗೆ ಹೋಗಿ ಹೊಟ್ಟೆಯ ಗರಿ ತೋಯಿಸಿಕೊಂಡು ಬಂದು ಮೊಟ್ಟೆಯನ್ನು ತಂಪು ಮಾಡುತ್ತದೆ. ನಿಮ್ಮ ಡೇರೆಗೆ ಅಂಜಿ ಅದು ದೂರ ನಿಂತಿತೋ, ಮಧ್ಯಾಹ್ನದ ಬಿಸಿಲಿಗೆ ಒಳಗಿನ ಮರಿ ಬೆಂದುಹೋಗಬಹುದು. ಅಲ್ಲದೆ, ನಾನು ಮೇಲೆ ಹೇಳಿದ 1972ರ ಕಾಯ್ದೆಯ ಎರಡನೇ ಕಲಂ ತೆಗೆದು ‘ಬೇಟೆ’ ಎಂಬುದಕ್ಕೆ ಕೊಟ್ಟ ವಿವರಣೆ ಓದಿ. ಕೊಲ್ಲುವುದು, ಬಲೆ ಹಾಕುವುದರ ಜೊತೆಗೆ ಕಾಡುಹಕ್ಕಿಯ ಮೊಟ್ಟೆ, ಗೂಡಿಗೆ ತೊಂದರೆ ಕೊಡುವುದನ್ನೂ ಅದರಲ್ಲೇ ಸೇರಿಸಿದ್ದಾರೆ. ಕೈಯಲ್ಲಿ ಬಂದೂಕು ಇರಬೇಕೆಂದೇನೂ ಇಲ್ಲ.

ಬೇಸಿಗೆಯಲ್ಲಿ ಹೈಡ್ ಹೂಡಲೇಬೇಕೆಂದರೆ ನೀರಿರುವ ಕಡೆ ಹೂಡಿ. ಹೊಂಡಕ್ಕೆ ತೀರಾ ಅಂಟಿಕೊಳ್ಳದೆ, ಹಕ್ಕಿಗಳು ಬಂದುಹೋಗುವ ದಾರಿ ಬಿಟ್ಟು, ಬೆಳಕು ಹರಿಯುವ ಮೊದಲೇ ಒಳಗೆ ಸೇರಿಕೊಳ್ಳಿ. ಹತ್ತು ಗಂಟೆಗೆ ಬಿಚ್ಚಿ ಹೊರಟುಬಿಡಿ. ಆಮೇಲೆ ಒಳಗಿನ ಸೆಕೆ ಮಗುವಿಗೂ ಆಗದು, ಹೊರಗೆ ಬಾಯಾರಿ ಕಾದಿರುವ ಹಕ್ಕಿಗೂ ನೀವು ಅಲ್ಲಿಂದ ಏಳುವುದೇ ಬೇಕಾಗಿರುತ್ತದೆ.