ಮಲ್ಲೇಶ್ವರ: ಹಿಂದಿನ ಓಣಿಯಿಂದ ಹೆಂಚಿನ ಸೂರಿನವರೆಗೆ

ಮಲ್ಲೇಶ್ವರ ನೋಡಬೇಕೆನ್ನುವವರು ಸಂಪಿಗೆ ರಸ್ತೆಗೆ ಬಂದು ಇಳಿಯುತ್ತಾರೆ. ಬಡಾವಣೆ ಅರ್ಥವಾಗಬೇಕಿದ್ದರೆ ಮೊದಲು ಮನೆಗಳ ಬೆನ್ನಿಗಿರುವ ಕನ್ಸರ್ವೆನ್ಸಿ ಓಣಿಗೆ ಹೋಗಬೇಕು. 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂದಾಗ ಪೇಟೆಯ ಮನೆಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಒಳಕೋಣೆಗಳಿಗೆ ಗಾಳಿ ಬೆಳಕು ಇರಲಿಲ್ಲ. ಹಾಗಾಗಿ ದಕ್ಷಿಣದ ಬಸವನಗುಡಿ, ವಾಯವ್ಯದ ಮಲ್ಲೇಶ್ವರ ಎರಡನ್ನೂ ಆರೋಗ್ಯದ ಲೆಕ್ಕಾಚಾರದಲ್ಲೇ ಕಟ್ಟಿದರು. ನೇರ ರಸ್ತೆ, ಮನೆ ಸುತ್ತ ಖಾಲಿ ಜಾಗ, ಮಲ ಹೊರುವ ಕೆಲಸಕ್ಕೆ ಹಿಂದೊಂದು ಓಣಿ. ಹಳೆಯ ಮನೆಗಳ ಪಾಯಿಖಾನೆ ಕಾಂಪೌಂಡಿನ ಕಟ್ಟಕಡೆಗೆ ಇರುವುದು, ಅದಕ್ಕೆ ಓಣಿಯ ಕಡೆಯಿಂದ ಕಿರುಬಾಗಿಲು ಇದ್ದದ್ದು ಇದೇ ಕಾರಣಕ್ಕೆ. ಒಳಚರಂಡಿ ಬಂದ ಮೇಲೆ ಓಣಿಯ ಕೆಲಸ ಮುಗಿಯಿತೆಂದು ಅನೇಕ ಕಡೆ ಅದನ್ನು ಮುಚ್ಚಿದ್ದಾರೆ. ಆದರೆ ಗಾಳಿಯಾಡುವುದಕ್ಕೂ ಮಳೆನೀರು ಹರಿಯುವುದಕ್ಕೂ ಅದು ಇಂದಿಗೂ ಬೇಕು.

ಊರಿನ ಹೆಸರು ಪ್ಲೇಗಿಗಿಂತ ಬಹಳ ಹಳೆಯದು. ಶಿವಾಜಿಯ ಮಲಸಹೋದರ ಏಕೋಜಿ ಮಲ್ಲಪುರದ ದೇವರಿಗೆ ಮೇದರನಿಂಗನಹಳ್ಳಿಯನ್ನು ದತ್ತಿ ಬಿಟ್ಟ 1669ರ ಶಾಸನ ಕಾಡು ಮಲ್ಲೇಶ್ವರ ದೇವಸ್ಥಾನದಲ್ಲಿದೆ. ಅದರೆದುರಿನ ನಂದಿತೀರ್ಥ ಮಣ್ಣಿನಡಿ ಹೂತುಹೋಗಿ, 1997ರಲ್ಲಿ ಮತ್ತೆ ಬೆಳಕಿಗೆ ಬಂತು. ನಂದಿಯ ಬಾಯಿಂದ ಬೀಳುವ ನೀರು ಲಿಂಗದ ಮೇಲೆ ಹರಿದು ಕಲ್ಯಾಣಿ ಸೇರುತ್ತದೆ. ವಾರದ ದಿನ ಬೆಳಿಗ್ಗೆ ಏಳಕ್ಕೆ ಇಲ್ಲಿಂದ ಹೊರಡಿ. ಹದಿನೈದನೇ ಕ್ರಾಸಿನ ಕಡೆ ಸಿ.ವಿ. ರಾಮನ್ ಅವರ ಮನೆ ‘ಪಂಚವಟಿ’ ಇದೆ. ಮಾರ್ಗೋಸಾ ರಸ್ತೆ ಹಿಡಿದು ದಕ್ಷಿಣಕ್ಕೆ ನಡೆದರೆ ಏಳನೇ ಕ್ರಾಸಿನಲ್ಲಿ ಸಿಟಿಆರ್ ಹೋಟೆಲಿನ ಬೆಣ್ಣೆ ಮಸಾಲೆ ದೋಸೆ ಸಿಗುತ್ತದೆ. ಎಂಟನೇ ಕ್ರಾಸಿನ ಹೂವು, ಅರಿಶಿನ ಕುಂಕುಮದ ಸಾಲುಗಳನ್ನು ಗೌರಿ ಹಬ್ಬದ ಹಿಂದಿನ ದಿನ ನೋಡಬೇಕು, ಕಾಲಿಡಲು ಜಾಗ ಸಿಕ್ಕರೆ. ಉತ್ತರದ ತುದಿಗೆ 1882ರ ಸ್ಯಾಂಕಿ ಕೆರೆ.

ದಾರಿಯಲ್ಲಿ ತಲೆಯೆತ್ತಿ ಕಿಟಕಿಗಳನ್ನು ನೋಡಿ. ಕಿಟಕಿ, ಪೋರ್ಟಿಕೋಗಳ ಮೇಲೆ ಮರದ ಪಟ್ಟಿಗಳನ್ನು ಸಾಲಾಗಿ ಜೋಡಿಸಿದ ಚೂಪು ತಲೆಯ ಮರೆಗಳಿಗೆ ಮಂಕಿ ಟಾಪ್ ಎನ್ನುತ್ತಾರೆ. ಇವು ಬಿಸಿಲನ್ನೂ ಇರಚಲನ್ನೂ ತಡೆದು ಗಾಳಿಯನ್ನು ಒಳಬಿಡುತ್ತವೆ. ಪಟ್ಟಿಯ ಕೆಳತುದಿ ಕೊಯ್ದ ಮುಖವಾದ್ದರಿಂದ ನೀರು ಹೀರುತ್ತದೆ, ಮೊದಲು ಕೊಳೆಯುವುದೂ ಅದೇ. ಮಳೆಗಾಲ ಮುಗಿದು ಮರ ಚೆನ್ನಾಗಿ ಒಣಗಿದ ಮೇಲೆ ಆ ತುದಿಗಳಿಗೆ ಅಗಸೆ ಎಣ್ಣೆ ಕುಡಿಸಿ. ಕೊಳೆತ ಪಟ್ಟಿಯನ್ನಷ್ಟೇ ಬದಲಿಸಿದರೆ ಸಾಕು, ಇಡೀ ಮರೆ ಕಿತ್ತೆಸೆಯುವ ಅಗತ್ಯವಿಲ್ಲ.

ಈ ಮನೆಗಳಿಗೆ ಅತಿ ಹೆಚ್ಚು ಹಾನಿ ಮಾಡಿರುವುದು ಸಿಮೆಂಟು, ಅದೂ ಒಳ್ಳೆಯ ಮನಸ್ಸಿನಿಂದ ಮಾಡಿಸಿದ ರಿಪೇರಿಯಲ್ಲಿ. ಕಲ್ಲಿನ ತಳಪಾಯದ ಮೇಲೆ ಸುಣ್ಣದ ಅಥವಾ ಮಣ್ಣಿನ ಗಾರೆಯಲ್ಲಿ ಇಟ್ಟಿಗೆ ಕಟ್ಟಿ, ಸುಣ್ಣದ ಗಿಲಾವು ಮಾಡಿದ ಗೋಡೆ ನೆಲದ ತೇವವನ್ನು ಮೇಲೆಳೆದು ಹೊರಗೆ ಆರಲು ಬಿಡುತ್ತದೆ. ಅದಕ್ಕೆ ಸಿಮೆಂಟು ಬಳಿದು ಪ್ಲಾಸ್ಟಿಕ್ ಪೇಂಟ್ ಹೊಡೆದರೆ ತೇವಕ್ಕೆ ದಾರಿಯಿಲ್ಲ. ಅದು ಇನ್ನಷ್ಟು ಮೇಲೇರುತ್ತದೆ. ಉಪ್ಪು ಹೊರಬಂದು ಗಿಲಾವು ಉಬ್ಬಿ ಹಪ್ಪಳದಂತೆ ಉದುರುತ್ತದೆ. ಆಗ ಮತ್ತೆ ಸಿಮೆಂಟು ಬಳಿಯುತ್ತಾರೆ.

ಗೋಡೆಗೆ ಕೈ ಹಚ್ಚುವ ಮೊದಲು ಹೊರಗಿನ ನೆಲದ ಮಟ್ಟ ನೋಡಿ. ಡಾಂಬರಿನ ಮೇಲೆ ಡಾಂಬರು ಬಿದ್ದು ರಸ್ತೆ ಎತ್ತರವಾಗಿರುತ್ತದೆ, ಅಂಗಳಕ್ಕೂ ಗೋಡೆಯವರೆಗೆ ಸಿಮೆಂಟು ಹಾಸಿರುತ್ತಾರೆ. ಗೋಡೆಗುಂಟ ಒಂದೂವರೆ ಅಡಿ ಅಗಲ ಸಿಮೆಂಟು ತೆಗೆದು ಜಲ್ಲಿ ತುಂಬಿ, ನೀರು ಗೋಡೆಯಿಂದಾಚೆ ಹರಿಯುವಂತೆ ಇಳಿಜಾರು ಕೊಡಿ. ನಂತರ ಸಿಮೆಂಟು ಗಿಲಾವು ಕೆತ್ತಿ, ಉಪ್ಪನ್ನು ಒಣ ಬ್ರಷ್‌ನಲ್ಲಿ ಉಜ್ಜಿ ತೆಗೆಯಿರಿ. ನೀರಿನಲ್ಲಿ ತೊಳೆದರೆ ಉಪ್ಪು ಕರಗಿ ಒಳಗೇ ಹೋಗುತ್ತದೆ. ಗೋಡೆಗೆ ಒಂದು ಬೇಸಿಗೆ ಆರಲು ಬಿಡಿ. ಈ ಕಾಯುವಿಕೆಗೆ ಯಾರೂ ಒಪ್ಪುವುದಿಲ್ಲ, ಆದರೆ ರಿಪೇರಿ ಉಳಿಯುವುದೋ ಇಲ್ಲವೋ ಎಂಬುದು ಬಹುಪಾಲು ಇಲ್ಲೇ ತೀರ್ಮಾನವಾಗುತ್ತದೆ. ಸುಣ್ಣವನ್ನು ಕನಿಷ್ಠ 15 ದಿನ ನೀರಿನಲ್ಲಿ ನೆನೆಹಾಕಿ, ಒಂದು ಪಾಲು ಸುಣ್ಣಕ್ಕೆ ಮೂರು ಪಾಲು ಮರಳು ಸೇರಿಸಿ ಎರಡು ಪದರ ಗಿಲಾವು ಮಾಡಿಸಿ. ಒಂದೊಂದೂ 10ರಿಂದ 12 ಮಿ.ಮೀ. ಮೀರದಿರಲಿ. ಒದ್ದೆ ಗೋಣಿ ಇಳಿಬಿಟ್ಟು ವಾರವಾದರೂ ತೇವ ಕಾಯಬೇಕು. ಬಿಸಿಲಿಗೆ ಬೇಗ ಒಣಗಿದ ಸುಣ್ಣ ಗಟ್ಟಿಯಾಗದೆ ಪುಡಿಯಾಗುತ್ತದೆ. ಕೊನೆಗೆ ಬರೀ ಸುಣ್ಣ ಹೊಡೆಸಿ.

ಮಂಗಳೂರು ಹೆಂಚಿನ ಸೂರು ಸೋರಿದರೆ ತಪ್ಪು ಹೆಂಚಿನದೇ ಆಗಿರಬೇಕೆಂದಿಲ್ಲ. ಎರಡು ಇಳಿಜಾರು ಕೂಡುವಲ್ಲಿನ ತಗಡು, ಸೂರು ಗೋಡೆಗೆ ತಾಗುವ ಅಂಚು, ಈ ಎರಡನ್ನು ಮೊದಲು ನೋಡಿ. ಬೇವು, ಸಂಪಿಗೆಯ ಎಲೆ ತುಂಬಿ ನೀರು ಹಿಂದಕ್ಕೆ ನುಗ್ಗಿರುತ್ತದೆ. ಏಪ್ರಿಲ್ ಮುಗಿಯುವ ಮೊದಲೇ ಗುಡಿಸಿಡಿ. ಒಡೆದ ಹೆಂಚಿಗೆ ಬದಲಿ ತರುವಾಗ ಅದರ ಮೇಲಿನ ಕಾರ್ಖಾನೆಯ ಅಚ್ಚು ಓದಿಕೊಂಡು ಹೋಗಿ. ಬಾಸೆಲ್ ಮಿಷನ್ 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ಬಗೆಬಗೆಯ ಅಚ್ಚುಗಳು ಬಂದವು; ಒಂದರ ತೋಡಿಗೆ ಇನ್ನೊಂದರ ಅಂಚು ಕೂರದೆ ಹೋಗಬಹುದು. ಹಳೆಯ ಮನೆ ಕೆಡವಿದ ಸಾಮಾನು ಮಾರುವಲ್ಲಿ ಹುಡುಕಿದರೆ ಜೋಡಿ ಸಿಗುವ ಸಾಧ್ಯತೆ ಹೆಚ್ಚು.

ಮದ್ರಾಸ್ ತಾರಸಿಯ ವಿಚಾರದಲ್ಲಿ ಇನ್ನೂ ಎಚ್ಚರ ಬೇಕು. ತೇಗದ ತೊಲೆಗಳ ಮೇಲೆ ತೆಳು ಇಟ್ಟಿಗೆಯನ್ನು ಓರೆಯಾಗಿ ನಿಲ್ಲಿಸಿ ಜೋಡಿಸಿ, ಮೇಲೆ ಇಟ್ಟಿಗೆ ಚೂರು ಮತ್ತು ಸುಣ್ಣ ಹಾಕಿ, ಬೆಲ್ಲ, ಅಳಲೆಕಾಯಿ ನೀರು ಚಿಮುಕಿಸಿ ಬಡಿದು ಮಾಡಿದ ಮಾಳಿಗೆ ಅದು. ಸೋರಿತೆಂದು ಮೇಲೆ 4 ಅಂಗುಲ ಕಾಂಕ್ರೀಟು ಸುರಿದರೆ ಚದರ ಮೀಟರಿಗೆ ಸುಮಾರು 240 ಕೆ.ಜಿ. ಹೊಸ ಭಾರ ಹಳೆಯ ತೊಲೆಗಳ ಮೇಲೆ ಬೀಳುತ್ತದೆ. ಹಳೆಯ ತೊಲೆ ಸಾಮಾನ್ಯವಾಗಿ ಕೊಳೆಯುವುದು ನಡುವೆ ಅಲ್ಲ, ಗೋಡೆಯೊಳಗೆ ಹುದುಗಿದ ತುದಿಯಲ್ಲಿ. ಸುತ್ತಿಗೆಯಿಂದ ಗೋಡೆಯ ಹತ್ತಿರ ತಟ್ಟಿ ನೋಡಿ: ಗಟ್ಟಿ ಮರ ಟಣ್ ಎನ್ನುತ್ತದೆ, ಕೊಳೆತದ್ದು ಡಬ್ ಎನ್ನುತ್ತದೆ. ಸ್ಕ್ರೂಡ್ರೈವರ್ ಅರ್ಧ ಅಂಗುಲ ಸಲೀಸಾಗಿ ಇಳಿದರೆ ಅಂದೇ ಕೆಳಗೆ ಆನಿಕೆ ಕೊಟ್ಟು, ತೊಲೆ ನೋಡಿದ ಎಂಜಿನಿಯರು ಹೇಳುವವರೆಗೆ ಮಾಳಿಗೆ ಮೇಲೆ ನೀರಿನ ಟ್ಯಾಂಕ್ ಕೂರಿಸಬೇಡಿ.