ತೊರುಞ್‌ಗೆ ಒಂದು ದಿನ ಸಾಕಾ? ಕೋಪರ್ನಿಕಸ್‌ನನ್ನು ಸುಟ್ಟ ಜಾಗ ಎಲ್ಲಿದೆ?

ಓದುಗರ ಪ್ರಶ್ನೆ: ಪೋಲೆಂಡ್ ಪ್ರವಾಸದಲ್ಲಿ ವಾರ್ಸಾ, ಕ್ರಾಕೋವ್ ಜೊತೆಗೆ ತೊರುನ್ ಅನ್ನೋ ಊರನ್ನೂ ಸೇರಿಸಬಹುದಾ? ಒಂದು ದಿನ ಸಾಕಾ? ಕೋಪರ್ನಿಕಸ್‌ನನ್ನು ಸುಟ್ಟ ಜಾಗ ತೋರಿಸುತ್ತಾರಾ?

ಸೇರಿಸಿ. ನೋಡಲು ಒಂದು ದಿನ ಸಾಕು, ಆದರೆ ರಾತ್ರಿ ಅಲ್ಲೇ ಉಳಿಯಿರಿ. ಮೂರನೆಯದಕ್ಕೆ ಉತ್ತರ: ಇಲ್ಲ, ಅಂಥ ಜಾಗ ಭೂಮಿಯ ಮೇಲೇ ಇಲ್ಲ. ಈ ಮಾತನ್ನು ಹೇಳಿ ಹೇಳಿ ನನಗೆ ಸಾಕಾಗಿದೆ. ಹಾಗಾಗಿ ಈ ಸಲ ಪೂರ್ತಿ ಬರೆದುಬಿಡುತ್ತೇನೆ, ಮುಂದೆ ಕೇಳಿದವರಿಗೆ ಇದನ್ನೇ ಕಳಿಸಿದರಾಯ್ತು.

ಮೊದಲು ಹೆಸರು. ಪೋಲಿಷ್ ಜನ ಕೊನೆಯಲ್ಲಿ ಹೇಳುವುದು 'ನ್' ಅಲ್ಲ, ನಮ್ಮ 'ಞ್'. ಒಂದನೇ ಕ್ಲಾಸಿನಲ್ಲಿ ತಿದ್ದಿ ತಿದ್ದಿ ಕಲಿತು ಆಮೇಲೆ ಮೂಲೆಗೆ ಹಾಕಿದ ಅಕ್ಷರಕ್ಕೆ ಕೊನೆಗೂ ಒಂದು ಕೆಲಸ ಸಿಕ್ಕಿತು. ಹಾಗಾಗಿ ತೊರುಞ್.

ವಾರ್ಸಾದಿಂದ ರೈಲಿನಲ್ಲಿ ಸುಮಾರು ಎರಡೂವರೆಯಿಂದ ಮೂರು ಗಂಟೆ. ಊರಿನ ಮುಖ್ಯ ನಿಲ್ದಾಣ ತೊರುಞ್ ಗ್ವೂವ್ನಿ ಇರುವುದು ವಿಸ್ತುಲಾ ನದಿಯ ಆಚೆ ದಡದಲ್ಲಿ. ನಿಮ್ಮ ರೈಲು ತೊರುಞ್ ಮಿಯಾಸ್ತೊದಲ್ಲಿ ನಿಲ್ಲುವುದಾದರೆ ಅಲ್ಲೇ ಇಳಿಯಿರಿ, ಹಳೇ ಊರು ನಡೆದು ಹೋಗುವಷ್ಟು ಹತ್ತಿರ. ಎರಡನೇ ಮಹಾಯುದ್ಧದಲ್ಲಿ ವಾರ್ಸಾ ಪುಡಿಪುಡಿಯಾಯಿತು, ಅಲ್ಲಿ ಈಗ ನೋಡುವ ಹಳೇ ಪೇಟೆ ಆಮೇಲೆ ಕಟ್ಟಿದ್ದು. ತೊರುಞ್‌ಗೆ ಆ ಗತಿ ಬರಲಿಲ್ಲ. ಇಲ್ಲಿ ಮುಟ್ಟುವ ಕೆಂಪು ಇಟ್ಟಿಗೆ ಬಹುಪಾಲು ಹಳೆಯದೇ. 1997ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ್ದೂ ಅದಕ್ಕೇ. ಸಂಜೆ ಸೇತುವೆ ದಾಟಿ ಆಚೆ ದಡದಲ್ಲಿ ನಿಂತು, ಕೋಟೆ ಗೋಡೆ, ಚರ್ಚುಗಳು, ಟೌನ್ ಹಾಲ್ ಗೋಪುರ ಎಲ್ಲಕ್ಕೂ ಒಟ್ಟಿಗೆ ದೀಪ ಹತ್ತುವುದನ್ನು ನೋಡಬೇಕು. ರಾತ್ರಿ ಉಳಿಯಿರಿ ಅಂದಿದ್ದು ಇದಕ್ಕೆ. ಡಿಸೆಂಬರ್‌ನಲ್ಲಿ ಹೋದರೆ ಮಧ್ಯಾಹ್ನ ಮೂರೂವರೆಗೇ ಸೂರ್ಯ ಮುಳುಗುತ್ತಾನೆ, ಜೂನ್‌ನಲ್ಲಿ ರಾತ್ರಿ ಒಂಬತ್ತು ದಾಟಬೇಕು. ಲೆಕ್ಕ ಹಾಕಿಕೊಂಡು ಹೋಗಿ.

ಹಗಲಲ್ಲಿ ವಾಲುಗೋಪುರ ನೋಡಿ. ಅದರ ಗೋಡೆಗೆ ಬೆನ್ನು, ಹಿಮ್ಮಡಿ ಒತ್ತಿ, ಎರಡೂ ಕೈ ಮುಂದೆ ಚಾಚಿ ನಿಲ್ಲಬೇಕು, ನಿಂತವರು ಪಾಪ ಮಾಡದವರು ಅಂತ ನಂಬಿಕೆ. ಗೋಡೆಯೇ ನಿಮ್ಮ ಮೇಲೆ ಬಾಗಿರುವಾಗ ಯಾರು ತಾನೇ ನಿಂತಾರು? ಊರನ್ನು ಆಳುತ್ತಿದ್ದ ಜರ್ಮನ್ ಯೋಧ ಸನ್ಯಾಸಿಗಳಾದ ಟ್ಯೂಟಾನಿಕ್ ನೈಟ್‌ಗಳ ಕೋಟೆಯನ್ನು ಊರಿನವರೇ 1454ರಲ್ಲಿ ದಂಗೆ ಎದ್ದು ಕೆಡವಿದರು. ಈಗ ಅಲ್ಲಿ ಗಟ್ಟಿಯಾಗಿ ನಿಂತಿರುವುದು ಕೋಟೆಯ ಶೌಚದ ಗೋಪುರ. ಹೌದು, ಅದೇ.

ಇನ್ನು ಕೋಪರ್ನಿಕಸ್.

"ಭೂಮಿ ಸೂರ್ಯನ ಸುತ್ತ ಸುತ್ತುತ್ತದೆ ಎಂದ, ಚರ್ಚಿನವರು ಹಿಡಿದು ಜೀವಂತ ಸುಟ್ಟರು." ಈ ವಾಕ್ಯವನ್ನು ನಾನು ಭಾಷಣ ಸ್ಪರ್ಧೆಯಲ್ಲಿ ಕೇಳಿದ್ದೇನೆ, ವಾಟ್ಸಾಪ್‌ನಲ್ಲಿ ಓದಿದ್ದೇನೆ, ಚೆನ್ನಾಗಿ ಓದಿಕೊಂಡವರ ಬಾಯಲ್ಲೂ ಕೇಳಿದ್ದೇನೆ. ಸುಳ್ಳು. ಅರ್ಧ ಸತ್ಯ ಕೂಡ ಅಲ್ಲ.

ಮನುಷ್ಯ ಹುಟ್ಟಿದ್ದು ಇದೇ ತೊರುಞ್‌ನಲ್ಲಿ, 1473ರ ಫೆಬ್ರವರಿ 19ರಂದು, ವ್ಯಾಪಾರಿಗಳ ಮನೆಯಲ್ಲಿ. ಅಪ್ಪ ಬೇಗ ತೀರಿಕೊಂಡ. ಸೋದರಮಾವ ಲೂಕಾಸ್ ವಾಟ್ಸೆನ್‌ರೋಡೆ ನೋಡಿಕೊಂಡ, ಆತ ಮುಂದೆ ವಾರ್ಮಿಯಾದ ಬಿಷಪ್ ಆದ. ಅಳಿಯನಿಗೆ ಅಲ್ಲಿನ ಕೆಥೆಡ್ರಲ್‌ನಲ್ಲಿ ಕ್ಯಾನನ್ ಎಂಬ ಆಡಳಿತದ ಹುದ್ದೆ ಕೊಡಿಸಿದವನೂ ಆತನೇ. ಮಾವ ದೊಡ್ಡ ಕುರ್ಚಿಯಲ್ಲಿದ್ದರೆ ಅಳಿಯನಿಗೆ ಕೆಲಸ ಸಿಗುವುದು ನಮಗೇನೂ ಹೊಸದಲ್ಲ, ಅಲ್ವಾ? ಅಂದರೆ ಗಮನಿಸಿ: ಕೋಪರ್ನಿಕಸ್ ಚರ್ಚಿನ ಶತ್ರು ಅಲ್ಲ, ಚರ್ಚಿನ ನೌಕರ. ಫೆರಾರಾದಲ್ಲಿ 1503ರಲ್ಲಿ ಪಡೆದ ಡಾಕ್ಟರೇಟ್ ಕೂಡ ಚರ್ಚಿನ ಕಾನೂನಿನದ್ದು. ಬದುಕಿನ ಬಹುಪಾಲು ಜಮೀನಿನ ಲೆಕ್ಕ, ನಾಣ್ಯದ ಬೆಲೆ, ರೋಗಿಗಳಿಗೆ ಔಷಧಿ ಅಂತ ಕಳೆದ. ನಕ್ಷತ್ರ ನೋಡಿದ್ದು ಬಿಡುವಿನಲ್ಲಿ.

ಭೂಮಿ ಸೂರ್ಯನ ಸುತ್ತ ಸುತ್ತುತ್ತದೆ ಎಂದು ಬರೆದ ಪುಸ್ತಕ ಅಚ್ಚು ಮಾಡಿಸಲು ದಶಕಗಳ ಕಾಲ ಹಿಂಜರಿದ, ನಿಜ. ಆದರೆ ಅವನೇ ಬರೆದುಕೊಂಡ ಕಾರಣ ಜನ ನಕ್ಕಾರು ಎಂಬ ಅಳುಕು, ಬೆಂಕಿಯ ಭಯ ಅಲ್ಲ. 1536ರಲ್ಲಿ ಷೋನ್‌ಬೆರ್ಗ್ ಎಂಬ ಕಾರ್ಡಿನಲ್ ರೋಮ್‌ನಿಂದ ಪತ್ರ ಬರೆದು, ನಿಮ್ಮ ವಿಚಾರ ಎಲ್ಲರಿಗೂ ತಿಳಿಸಿ ಅಂತ ಕೇಳಿಕೊಂಡ. ಆ ಪತ್ರವನ್ನು ಪುಸ್ತಕದಲ್ಲೇ ಅಚ್ಚು ಹಾಕಿದ್ದಾರೆ. 1543ರಲ್ಲಿ ನ್ಯೂರೆಂಬರ್ಗ್‌ನಲ್ಲಿ ಹೊರಬಂದ ಆ ಪುಸ್ತಕ ಅರ್ಪಣೆಯಾಗಿದ್ದು ಯಾರಿಗೆ ಗೊತ್ತಾ? ಆಗಿನ ಪೋಪ್ ಮೂರನೇ ಪಾಲ್‌ಗೆ. ಅದೇ ವರ್ಷ ಮೇ 24ರಂದು, ಪಾರ್ಶ್ವವಾಯು ಬಡಿದು ತಿಂಗಳುಗಟ್ಟಲೆ ಮಲಗಿದ್ದ ಎಪ್ಪತ್ತರ ಮುದುಕ, ತಾನು ಕೆಲಸ ಮಾಡುತ್ತಿದ್ದ ಕೆಥೆಡ್ರಲ್ ಇರುವ ಫ್ರೊಂಬೊರ್ಕ್‌ನಲ್ಲಿ ಹಾಸಿಗೆಯ ಮೇಲೇ ತೀರಿಕೊಂಡ.

ಹಾಗಾದರೆ ಸುಟ್ಟಿದ್ದು ಯಾರನ್ನು? ಇಟಲಿಯ ತತ್ವಜ್ಞಾನಿ ಜೋರ್ಡಾನೋ ಬ್ರೂನೋನನ್ನು, 1600ರಲ್ಲಿ, ರೋಮ್‌ನಲ್ಲಿ, ಅದೂ ಬೇರೆ ಹಲವು ಧಾರ್ಮಿಕ ಆರೋಪಗಳ ಮೇಲೆ. ವಿಚಾರಣೆಗೆ ನಿಲ್ಲಿಸಿ ಗೃಹಬಂಧನದಲ್ಲಿ ಇಟ್ಟಿದ್ದು ಗೆಲಿಲಿಯೋನನ್ನು, 1633ರಲ್ಲಿ. ಒಬ್ಬನ ಪುಸ್ತಕ, ಇನ್ನೊಬ್ಬನ ಬೆಂಕಿ, ಮತ್ತೊಬ್ಬನ ವಿಚಾರಣೆ. ಮೂರನ್ನೂ ಸೇರಿಸಿ ಚಿತ್ರಾನ್ನ ಕಲಸಿಟ್ಟಿದ್ದೇವೆ.

ಚರ್ಚ್ ಏನೂ ಮಾಡಲೇ ಇಲ್ಲ ಅಂತ ನಾನು ಹೇಳುತ್ತಿಲ್ಲ, ದಯವಿಟ್ಟು ಆ ಕಡೆಗೂ ಓಡಬೇಡಿ. 1616ರಲ್ಲಿ, ಅಂದರೆ ಲೇಖಕ ಸತ್ತು 73 ವರ್ಷ ಆದ ಮೇಲೆ, ತಿದ್ದುವವರೆಗೆ ಯಾರೂ ಓದಬಾರದು ಅಂತ ಪುಸ್ತಕವನ್ನು ತಡೆದರು. ನಿಷೇಧದ ಪಟ್ಟಿಯಿಂದ ಅದು ಪೂರ್ತಿ ಹೊರಬಿದ್ದಿದ್ದು 1835ರಲ್ಲಿ. ನಾಚಿಕೆಗೇಡಿನ ಕೆಲಸವೇ. ಆದರೆ ಪುಸ್ತಕ ತಡೆಯುವುದು ಬೇರೆ, ಮನುಷ್ಯನನ್ನು ಸುಡುವುದು ಬೇರೆ.

ಇಷ್ಟಕ್ಕೂ ನಂಬಿಕೆ ಬರದವರಿಗೆ ಮೂಳೆಯ ಸಾಕ್ಷಿ ಇದೆ. 2005ರಲ್ಲಿ ಫ್ರೊಂಬೊರ್ಕ್ ಕೆಥೆಡ್ರಲ್‌ನ ನೆಲ ಅಗೆದಾಗ ಸುಮಾರು ಎಪ್ಪತ್ತು ವರ್ಷದ ಗಂಡಸಿನ ತಲೆಬುರುಡೆ ಸಿಕ್ಕಿತು. ಕೋಪರ್ನಿಕಸ್ ಬಳಸುತ್ತಿದ್ದ ಒಂದು ಪುಸ್ತಕ ಈಗ ಸ್ವೀಡನ್ನಿನ ಉಪ್ಸಾಲಾದಲ್ಲಿದೆ. ಅದರ ಹಾಳೆಗಳ ನಡುವೆ ಕೂದಲು ಸಿಕ್ಕಿಕೊಂಡಿತ್ತು. ಆ ಕೂದಲಿನ ಡಿಎನ್‌ಎ ಈ ಅವಶೇಷದ ಡಿಎನ್‌ಎಗೆ ಹೊಂದಿತು. 2010ರಲ್ಲಿ ಅದೇ ಕೆಥೆಡ್ರಲ್‌ನಲ್ಲಿ ಮರ್ಯಾದೆಯಿಂದ ಮತ್ತೆ ಮಣ್ಣು ಮಾಡಿದರು. ಸುಟ್ಟು ಬೂದಿ ಮಾಡಿದ್ದರೆ ಬುರುಡೆ ಎಲ್ಲಿಂದ ಬಂತು ಸ್ವಾಮಿ?

ಹಾಗಾಗಿ ತೊರುಞ್‌ನಲ್ಲಿ ಸುಟ್ಟ ಜಾಗ ಹುಡುಕಬೇಡಿ. ಟೌನ್ ಹಾಲ್ ಮುಂದೆ 1853ರ ಪ್ರತಿಮೆ ಇದೆ. ಭೂಮಿಯನ್ನು ಓಡಿಸಿದವನು, ಸೂರ್ಯನನ್ನೂ ಆಕಾಶವನ್ನೂ ನಿಲ್ಲಿಸಿದವನು ಅಂತ ಅದರ ಕೆಳಗೆ ಲ್ಯಾಟಿನ್‌ನಲ್ಲಿ ಕೆತ್ತಿದ್ದಾರೆ. ಅದರ ಮುಂದೆ ಫೋಟೋ ತೆಗೆಸಿಕೊಳ್ಳಿ.

ಕೋಪರ್ನಿಕಸ್ ಓದಿದ ಯೂನಿವರ್ಸಿಟಿ ಅಂತ ಹೇಳಿ ಇಲ್ಲಿನ ಕೋಪರ್ನಿಕಸ್ ವಿಶ್ವವಿದ್ಯಾಲಯದ ಗೇಟಿನ ಮುಂದೆ ಮಾತ್ರ ತೆಗೆಸಿಕೊಳ್ಳಬೇಡಿ. ಅವನು ಓದಿದ್ದು ಕ್ರಾಕೋವ್‌ನಲ್ಲಿ, ಆಮೇಲೆ ಇಟಲಿಯಲ್ಲಿ. ಅವನ ಹೆಸರಿನ ಈ ವಿಶ್ವವಿದ್ಯಾಲಯ ಶುರುವಾಗಿದ್ದು 1945ರಲ್ಲಿ. ಯುದ್ಧ ಮುಗಿದು ಗಡಿಗಳು ಸರಿದಾಗ ವಿಲ್ನಿಯಸ್ ನಗರ ಪೋಲೆಂಡಿನ ಕೈತಪ್ಪಿತು. ಅಲ್ಲಿನ ಪೋಲಿಷ್ ಪ್ರೊಫೆಸರುಗಳಲ್ಲಿ ಅನೇಕರು ಗಂಟುಮೂಟೆ ಕಟ್ಟಿ ಇಲ್ಲಿಗೆ ಬಂದರು. ಹೆಸರು ಸುಮ್ನೆ ಇಟ್ಟಿದ್ದಲ್ಲ ಅನ್ನಿ: ಸೂರ್ಯನಲ್ಲದೆ ಬೇರೆ ನಕ್ಷತ್ರಕ್ಕೂ ಗ್ರಹಗಳಿವೆ ಎಂದು 1992ರಲ್ಲಿ ಮೊದಲು ಖಚಿತವಾಗಿ ತೋರಿಸಿದ ಇಬ್ಬರಲ್ಲಿ ಒಬ್ಬರಾದ ಅಲೆಕ್ಸಾಂಡರ್ ವೊಲ್ಶ್ಚಾನ್ ಇಲ್ಲೇ ಓದಿದವರು.

ಯಾರೂ ಕೇಳದ ಪ್ರಶ್ನೆಗೂ ಉತ್ತರ ಕೊಡುತ್ತೇನೆ, ಏಕೆಂದರೆ ಹೋದವರೆಲ್ಲ ಇದನ್ನು ತಂದು ಹಂಚುತ್ತಾರೆ. ತೊರುಞ್‌ನ ಹೆಸರಾಂತ ತಿಂಡಿ ಪಿಯೆರ್ನಿಕ್. ಎಲ್ಲರೂ ಶುಂಠಿ ಬಿಸ್ಕತ್ತು ಅಂತಾರೆ. ಆದರೆ ಹಳೇ ಪೋಲಿಷ್‌ನಲ್ಲಿ 'ಪಿಯೆರ್ನಿ' ಅಂದರೆ ಕಾಳುಮೆಣಸಿನ ಖಾರ ಇರುವುದು. ಹೆಸರು ಬಂದಿದ್ದು ಮೆಣಸಿನಿಂದ, ಶುಂಠಿಯಿಂದಲ್ಲ. ಮೆಣಸು ಬೆಳೆಯುತ್ತಿದ್ದದ್ದು ಎಲ್ಲಿ? ನಮ್ಮ ಪಶ್ಚಿಮ ಘಟ್ಟದ ಬುಡದಲ್ಲಿ. ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿ ಅಂತಲೇ ಕರೆದರು. ಸಂಬಂಧವಿಲ್ಲದ ಮಾತಾಡಿದರೆ ಪೋಲಿಷ್ ಜನ "ಪಿಯೆರ್ನಿಕ್‌ಗೂ ಗಾಳಿಗಿರಣಿಗೂ ಏನು ಸಂಬಂಧ" ಅಂತಾರೆ. ಗಾಳಿಗಿರಣಿಯದ್ದು ಗೊತ್ತಿಲ್ಲ, ಘಟ್ಟಕ್ಕಂತೂ ಸಂಬಂಧ ಇದೆ.

ಸಸ್ಯಾಹಾರಿಗಳು ಪೊಟ್ಟಣದ ಮೇಲೆ 'ಯಾಯಾ' ಅಂತ ಓದುವ ಪದ ಇದೆಯಾ ನೋಡಿ, ಮೊಟ್ಟೆ ಅಂತ ಅರ್ಥ. ಊಟಕ್ಕೆ 'ಬಾರ್ ಮ್ಲೆಚ್ನಿ' ಬೋರ್ಡ್ ಕಂಡರೆ ಬಾರ್ ಅಂತ ಹೆದರಬೇಡಿ, ಅದು ಹಾಲಿನ ಬಾರ್, ವಿದ್ಯಾರ್ಥಿಗಳ ಅಗ್ಗದ ಊಟದ ಜಾಗ. ಆಲೂಗಡ್ಡೆ, ಚೀಸ್ ತುಂಬಿದ ಪಿಯೆರೊಗಿ ರುಸ್ಕಿಯೆ ಕೇಳಿ. ಕಡುಬಿನ ದೂರದ ನೆಂಟ. ಕೇಳುವಾಗಲೇ "ಬೆಸ್ ಸ್ಕ್ವಾರೆಕ್" ಅನ್ನಿ. ಇಲ್ಲದಿದ್ದರೆ ಮೇಲೆ ಹಂದಿ ಕೊಬ್ಬು ಹುರಿದು ಉದುರಿಸಿ ಕೊಟ್ಟಾರು, ಆಮೇಲೆ ನನಗೆ ಬೈಯುತ್ತೀರಿ.